ನಮ್ಮೂರ ಥ್ಯಾಕರೆ

ನಮ್ಮ ಚಿಗಳ್ಳಿಯಲ್ಲಿ ಒಬ್ಬ ಥ್ಯಾಕರೆ ಇದ್ದಾನೆ. ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಎರಡು ಎಕರೆ ಗದ್ದೆ ಮಾಡುತ್ತಾನೆ. ಅವನ ನಿಜವಾದ ಹೆಸರು ರೇಷನ್ ಕಾರ್ಡಿನಲ್ಲಿದೆ, ಆಧಾರಿನಲ್ಲಿದೆ, ಪಹಣಿಯಲ್ಲಿದೆ. ಊರ ಬಾಯಲ್ಲಿ ಮಾತ್ರ ಇಲ್ಲ. ಊರವರ ನಾಲಿಗೆಯಲ್ಲಿ ಥ್ಯಾಕರೆ ‘ಠ್ಯಾಕ್ರಿ’ಯಾಗಿದ್ದಾನೆ. “ಠ್ಯಾಕ್ರಿಗೆ ಹೇಳು, ನಾಳೆ ಗದ್ದಿ ಹೊಡದು ಕೊಡ್ತಾನ” ಎನ್ನುತ್ತಾರೆ. ಅವನ ತಾಯಿ ಠ್ಯಾಕ್ರಿ ಅವ್ವ. ಆರನೇ ಇಯತ್ತೆಯಲ್ಲಿರುವ ಮಗನನ್ನು ಹುಡುಗರು ‘ಸಣ್ಣ ಠ್ಯಾಕ್ರಿ’ ಎಂದು ಕೂಗುತ್ತಾರೆ.

ನಮ್ಮ ಕಡೆ ಮನೆತನದ ಹೆಸರಿಗೆ ‘ಅಡ್ಡಹೆಸರು’ ಎನ್ನುತ್ತೇವೆ. ಮೈಸೂರು ಕಡೆಯವರು ಅದೇ ಮಾತನ್ನು ಕೀಟಲೆಗೆ ಇಟ್ಟ ಹೆಸರಿಗೆ ಬಳಸುತ್ತಾರೆ. ಎರಡಕ್ಕೂ ಒಂದೇ ಮಾತು ಇರುವುದು ಸರಿಯಾಗಿಯೇ ಇದೆ ಎಂದು ನನಗೆ ಈಗೀಗ ಅನ್ನಿಸುತ್ತಿದೆ. ಒಂದು ಕೀಟಲೆಯ ಹೆಸರು ಮೂರು ತಲೆಮಾರಿಗೆ ಹಬ್ಬಿ ಮನೆತನದ ಹೆಸರಾಗುವುದನ್ನು ಕಣ್ಣಾರೆ ಕಂಡವನು ನಾನು. ಆ ಹೆಸರು ಹುಟ್ಟಲು ಕಾರಣನಾದವನೂ ನಾನೇ.

ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು. ಆಗ ನೌಕರಿಗೆ ಸೇರಿ ಕೆಲವೇ ವರ್ಷವಾಗಿತ್ತು. ಗ್ಯಾದರಿಂಗಿಗೆ ಕಿತ್ತೂರು ಚೆನ್ನಮ್ಮನ ನಾಟಕ ಆಡಿಸಿದೆ. ಚೆನ್ನಮ್ಮನಾಗಲು ಐದು ಹುಡುಗಿಯರು ಜಗಳಾಡಿದರು. ರಾಯಣ್ಣನಾಗಲು, ಬಾಳಪ್ಪನಾಗಲು ಹುಡುಗರ ಸಾಲೇ ಇತ್ತು. ಥ್ಯಾಕರೆ ಆಗಲು ಒಬ್ಬನೂ ಸಿದ್ಧನಿರಲಿಲ್ಲ. ಕೊನೆಗೆ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುತ್ತಿದ್ದ ಏಳನೇ ಇಯತ್ತೆಯ ಒಬ್ಬ ಹುಡುಗನನ್ನು ಕರೆದು, “ನೀನೇ ಥ್ಯಾಕರೆ” ಎಂದೆ. ಅವನು ತಲೆ ತಗ್ಗಿಸಿದ. ಒಪ್ಪಿಗೆ ಎಂದುಕೊಂಡೆ. ಮುಖಕ್ಕೆ ಪೌಡರು ಬಳಿದು, ತಲೆಗೆ ರಟ್ಟಿನ ಟೊಪ್ಪಿಗೆ ಇಟ್ಟು, ಬಿದಿರಿನ ಕುದುರೆಯ ಮೇಲೆ ಕೂರಿಸಿದೆವು. ಬಾಳಪ್ಪ ಗುಂಡು ಹೊಡೆದಾಗ ಪರದೆಯ ಹಿಂದೆ ಪಟಾಕಿ ಸಿಡಿಯಬೇಕಿತ್ತು; ಸಿಡಿಯಲಿಲ್ಲ. ಹುಡುಗ ಬೀಳಲೋ ಬೇಡವೋ ಎಂದು ನಿಂತ. ಎರಡನೇ ಪಟಾಕಿಯೂ ಟುಸ್ ಎಂದಿತು. ಮೂರನೆಯದು ಅವನು ಬಿದ್ದ ಮೇಲೆ ಸಿಡಿಯಿತು. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮರುದಿನದಿಂದ ಅವನು ಠ್ಯಾಕ್ರಿ.

ಇದನ್ನು ನಾನು ಎಷ್ಟೋ ವರ್ಷ ತಮಾಷೆಯ ಪ್ರಸಂಗವೆಂದೇ ಹೇಳುತ್ತಿದ್ದೆ. ಕಳೆದ ದೀಪಾವಳಿಗೆ ಮಗಳು ಮನೆಗೆ ಬಂದಾಗ ಮತ್ತೊಮ್ಮೆ ಹೇಳಿದೆ. ಅವಳು ನಗಲಿಲ್ಲ.

ಅವಳು ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಾಳೆ. ತರಗತಿಯಲ್ಲಿ ಒಬ್ಬೊಬ್ಬರೂ ಒಂದೊಂದು ಅಪರೂಪದ ಇಂಗ್ಲಿಷ್ ಅಡ್ಡಹೆಸರು ಆರಿಸಿಕೊಂಡು ಅದರ ಹುಟ್ಟು, ಪಯಣದ ಬಗ್ಗೆ ಮಾತಾಡಬೇಕಿತ್ತಂತೆ. ಇವಳು ಥ್ಯಾಕರೆಯನ್ನು ಆರಿಸಿಕೊಂಡಿದ್ದಳು. ‘ವ್ಯಾನಿಟಿ ಫೇರ್’ ಬರೆದ ಕಾದಂಬರಿಕಾರನ ಹೆಸರು ಅದೇ, ಕಿತ್ತೂರಿನಲ್ಲಿ ಸತ್ತ ಕಲೆಕ್ಟರನ ಹೆಸರೂ ಅದೇ, ಕಲೆಕ್ಟರನ ಸಮಾಧಿ ಇರುವುದು ಧಾರವಾಡದಲ್ಲೇ. ಹಾಗಾಗಿ ಸುಲಭ ಎಂದುಕೊಂಡಳು. ಜೊತೆಗೆ ಇನ್ನೊಂದು ಕೆಲಸವೂ ಅವಳ ಕೈಯಲ್ಲಿತ್ತು: ಪಾಸ್‌ಪೋರ್ಟ್ ಅರ್ಜಿ. ಅದರಲ್ಲಿ ಹೆಸರಿಗೆ ಒಂದು ಮನೆ, ಅಡ್ಡಹೆಸರಿಗೆ ಇನ್ನೊಂದು ಮನೆ. ಎರಡನೆಯದನ್ನು ಅವಳು ಖಾಲಿ ಬಿಟ್ಟಿದ್ದಳು.

“ಅಪ್ಪಾ, ‘ಕೊಳಗದ’ ಅಂದ್ರ ಏನು? ಕೇಳಿದವರಿಗೆ ನಾನು ಏನಂತ ಹೇಳ್ಲಿ?”

ಕೊಳಗದ ಎಂಬುದು ನಮ್ಮ ಅಡ್ಡಹೆಸರು. ಕೊಳಗ ಎಂದರೆ ಭತ್ತ ಅಳೆಯುವ ಮಾಪು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ನಾನು ಹೆಮ್ಮೆಯಿಂದಲೇ ಹೇಳಿದೆ: ನಮ್ಮ ಅಜ್ಜನ ಕಾಲದಲ್ಲಿ ಸುತ್ತಲಿನ ಕಣಗಳ ಭತ್ತ ನಮ್ಮ ಮನೆಯ ಕೊಳಗದಲ್ಲೇ ಅಳೆಯುತ್ತಿತ್ತು, ಅದಕ್ಕೇ ಆ ಹೆಸರು. ಆ ಕೊಳಗ ಈಗಲೂ ನಮ್ಮ ಅಟ್ಟದ ಮೇಲಿದೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಕೆಳಗಿಳಿಸಿ ಕುಂಕುಮ ಹಚ್ಚುತ್ತೇವೆ.

ಅವಳು ತನ್ನ ಥ್ಯಾಕರೆಯ ಕಥೆ ಹೇಳಿದಳು. ಕೇಳುತ್ತಾ ನಾನು ಮಾಸ್ತರಿಕೆಯನ್ನು ಮರೆತು ಮತ್ತೆ ವಿದ್ಯಾರ್ಥಿಯಾದೆ.

ಥ್ಯಾಕರೆ ಎಂಬುದು ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಶೈರಿನ ಹೆಸರು. ಅದರ ಬೇರು ಇಂಗ್ಲಿಷಿನದಲ್ಲ, ಹಳೆಯ ನಾರ್ಸ್ ಭಾಷೆಯದು. ಸಾವಿರ ವರ್ಷಕ್ಕೂ ಹಿಂದೆ ಸಮುದ್ರ ದಾಟಿ ಬಂದು ಅಲ್ಲಿ ನೆಲೆನಿಂತ ಸ್ಕ್ಯಾಂಡಿನೇವಿಯದ ಜನ ತಮ್ಮ ಮಾತಿನಲ್ಲಿ ಹೊಲ, ಹಳ್ಳ, ಗುಡ್ಡಗಳಿಗೆ ಹೆಸರಿಟ್ಟರು. ‘ಥಾಕ್’ ಎಂದರೆ ಮಾಡಿಗೆ ಹೊದಿಸುವ ಹುಲ್ಲು, ಜೊಂಡು. ‘ವ್ರಾ’ ಎಂದರೆ ಮೂಲೆ. ಎರಡೂ ಸೇರಿ, ಮಾಡಿಗೆ ಹೊದಿಸುವ ಜೊಂಡು ಬೆಳೆಯುವ ಮೂಲೆ. ವಾಶ್‌ಬರ್ನ್ ಎಂಬ ಹೊಳೆಯ ಕಣಿವೆಯಲ್ಲಿ ಥ್ಯಾಕ್ರೇ ಎಂಬ ಅಂಥದೊಂದು ಜಾಗವಿತ್ತು. ಅಲ್ಲಿಂದ ಬಂದವರನ್ನು ಆ ಜಾಗದ ಹೆಸರಿನಿಂದ ಕರೆದರು. ಕಾಲಾಂತರದಲ್ಲಿ ಅದರ ಕಾಗುಣಿತ ನಾಲ್ಕಾರು ಬಗೆಯಾಯಿತು. ಅವುಗಳಲ್ಲಿ ಒಂದನ್ನು ಬರೆದುಕೊಳ್ಳುತ್ತಿದ್ದ ಒಂದು ಮನೆತನ ಆ ಕಣಿವೆಗೆ ಹತ್ತಿರದ ಹ್ಯಾಂಪ್ಸ್‌ಥ್ವೇಟ್ ಎಂಬ ಹಳ್ಳಿಯಲ್ಲಿತ್ತು. ನಮ್ಮ ಕಲೆಕ್ಟರನ ಪೂರ್ವಜರು ಇವರೇ.

ನಮ್ಮಲ್ಲೂ ಮಾಡು ಹೊದಿಸಲು ಬೇಣದಿಂದ ಕರಡದ ಹುಲ್ಲು ಕೊಯ್ದು ತರುತ್ತಿದ್ದರು. ಥ್ಯಾಕರೆಯನ್ನು ಕನ್ನಡಕ್ಕೆ ತಂದರೆ ‘ಕರಡಮೂಲೆ’ ಆಗಬಹುದು. ಮೂವತ್ತು ವರ್ಷ ಪಾಠ ಮಾಡುವಾಗ ನಾನು ಆ ಹೆಸರನ್ನು ಹಲ್ಲು ಕಚ್ಚಿಯೇ ಉಚ್ಚರಿಸಿದ್ದೆ. ಅದರೊಳಗೆ ಒಂದು ಹುಲ್ಲಿನ ಮಾಡು, ಒದ್ದೆ ನೆಲ, ಕುಡುಗೋಲು ಹಿಡಿದು ಬಗ್ಗಿದ ಒಬ್ಬ ಬಡ ರೈತ ಇದ್ದಾನೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

“ಆ ಊರು ಈಗ ಹೆಂಗೈತಿ?” ಎಂದು ಕೇಳಿದೆ.

“ನೀರೊಳಗೈತಿ” ಎಂದಳು. ಲೀಡ್ಸ್ ನಗರಕ್ಕೆ ಕುಡಿಯುವ ನೀರು ಕೊಡಲು ಆ ಕಣಿವೆಗೆ ಒಡ್ಡು ಕಟ್ಟಿದರಂತೆ. 1879ರಲ್ಲಿ ಮುಗಿದ ಫ್ಯೂಸ್ಟನ್ ಜಲಾಶಯದಲ್ಲಿ ಥ್ಯಾಕ್ರೇ ಮುಳುಗಿತು.

ಇದನ್ನು ಕೇಳಿದಾಗ ನನಗೆ ಸೂಪಾ ನೆನಪಾಯಿತು. ನಮ್ಮ ಜಿಲ್ಲೆಯವರಿಗೆ ವಿವರಿಸಬೇಕಿಲ್ಲ. ಕಾಳಿ ನದಿಗೆ ಗಣೇಶಗುಡಿಯ ಬಳಿ ಅಣೆಕಟ್ಟು ಎದ್ದು, ತಾಲ್ಲೂಕಿನ ಊರಾಗಿದ್ದ ಹಳೆಯ ಸೂಪಾ ನೀರಿನಡಿ ಹೋಯಿತು. ತಾಲ್ಲೂಕಿಗೆ ಈಗ ಜೋಯಿಡಾ ಎಂದು ಹೆಸರು. ಸೂಪಾ ಎಂಬ ಹೆಸರು ಯಾವ ಕಟ್ಟೆ ಆ ಊರನ್ನು ಮುಳುಗಿಸಿತೋ ಆ ಕಟ್ಟೆಯ ಮೇಲೆಯೇ ಉಳಿದಿದೆ. ಊರು ಹೋದ ಮೇಲೂ ಹೆಸರು ಉಳಿಯುತ್ತದೆ. ಆದರೆ ಅದು ಎಲ್ಲಿ, ಯಾರ ಬಳಿ, ಯಾವ ಅರ್ಥದಲ್ಲಿ ಉಳಿಯುತ್ತದೆ ಎಂಬುದು ಮುಳುಗಿದವರ ಕೈಯಲ್ಲಿರುವುದಿಲ್ಲ.

ಇಂಗ್ಲೆಂಡಿನಲ್ಲಿ ಅಡ್ಡಹೆಸರುಗಳು ಬೇರೂರಿದ್ದು 1066ರ ನಾರ್ಮನ್ ವಿಜಯದ ನಂತರದ ಮುನ್ನೂರು ಚಿಲ್ಲರೆ ವರ್ಷಗಳಲ್ಲಿ. ಸ್ಮಿತ್ ಎಂದರೆ ಕಮ್ಮಾರ, ಜಾನ್ಸನ್ ಎಂದರೆ ಜಾನನ ಮಗ, ಹಿಲ್ ಎಂದರೆ ಗುಡ್ಡದ ಬಳಿಯವ. ಕಸುಬು, ತಂದೆ, ಊರು, ಇಲ್ಲವೇ ಮೈಬಣ್ಣ, ನಡತೆ. ಅಲ್ಲಿನ ಅಡ್ಡಹೆಸರುಗಳಲ್ಲಿ ಬಹುಪಾಲು ಈ ನಾಲ್ಕು ಬುಟ್ಟಿಗಳಲ್ಲಿ ಹಿಡಿಸುತ್ತವೆ. 1377ರಿಂದ 1381ರ ನಡುವೆ ಮೂರು ಸಲ ತಲೆಗಂದಾಯ ಎತ್ತಿದರು. ಯಾವ ಜಾನ್ ತೆರಿಗೆ ಕೊಟ್ಟ, ಯಾವ ಜಾನ್ ಕೊಡಲಿಲ್ಲ ಎಂದು ಗುರುತಿಸಲು ಗುಮಾಸ್ತನಿಗೆ ಎರಡನೇ ಹೆಸರು ಬೇಕಾಗುತ್ತಿತ್ತು. ಊರವರು ಏನೆಂದು ಕರೆಯುತ್ತಿದ್ದರೋ ಅದನ್ನೇ ಬರೆದುಕೊಂಡ. ಬಾಯಲ್ಲಿದ್ದಾಗ ಬದಲಾಗುತ್ತಿದ್ದ ಹೆಸರು ಕಾಗದಕ್ಕೆ ಇಳಿದ ಮೇಲೆ ಗಟ್ಟಿಯಾಯಿತು.

ನಮ್ಮಲ್ಲಿ ನಡೆದದ್ದೂ ಇದೇ, ಆದರೆ ತಡವಾಗಿ. ಹುಬ್ಬಳ್ಳಿ, ಹಾವೇರಿ, ಹಾನಗಲ್ ಕಡೆಯ ಯಾವ ಶಾಲೆಯ ಹಾಜರಿ ಪುಸ್ತಕ ತೆಗೆದರೂ ಒಂದು ಸಂತೆಯೇ ಸಿಗುತ್ತದೆ: ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ. ಪಾಟೀಲ, ಕುಲಕರ್ಣಿ, ದೇಸಾಯಿ ಎಂಬ ಅಧಿಕಾರದ ಹೆಸರುಗಳಿವೆ. ಹೊಸಮನಿ, ಹಳೇಮನಿ ಇವೆ. ಊರಿನ ಹೆಸರುಗಳಂತೂ ಲೆಕ್ಕವಿಲ್ಲ. ಹೆಚ್ಚಿನವು ಕಾಗದಕ್ಕೆ ಇಳಿದದ್ದು ಶಾನಭೋಗರ ದಫ್ತರದಲ್ಲಿ ಅಥವಾ ಶಾಲೆಗೆ ಹೆಸರು ಹಚ್ಚಿದ ದಿನ, ಒಬ್ಬ ಮಾಸ್ತರನ ಲೇಖನಿಯಿಂದ. ನಾನೂ ಹಾಗೆ ಎಷ್ಟೋ ಮಕ್ಕಳ ಅಡ್ಡಹೆಸರು ಬರೆದಿದ್ದೇನೆ. “ಮನಿತನದ ಹೆಸರೇನು?” ಎಂದರೆ ತಂದೆ ತಡವರಿಸುತ್ತಾನೆ. ಪಕ್ಕದಲ್ಲಿ ನಿಂತವರು ಏನೋ ಹೇಳುತ್ತಾರೆ. ಅದನ್ನು ಬರೆದುಕೊಳ್ಳುತ್ತೇವೆ. ಹೀಗೆ ನೋಡಿದರೆ ಅಡ್ಡಹೆಸರು ನಮ್ಮದು ಎನ್ನುವ ಮಾತೇ ಅರ್ಧ ಸುಳ್ಳು. ಯಾವ ಮನೆಯವರೂ ತಮ್ಮನ್ನು ತಾವೇ ಉಳ್ಳಾಗಡ್ಡಿ ಎಂದು ಕರೆದುಕೊಂಡಿರಲಾರರು. ಅಡ್ಡಹೆಸರು ನಮ್ಮ ಬಗ್ಗೆ ಇತರರು ಆಡಿದ ಮಾತು. ಅದನ್ನು ಹೊತ್ತುಕೊಂಡು ತಿರುಗುವವರು ಮಾತ್ರ ನಾವು.

ಕಿತ್ತೂರಿನ ಕಥೆ ಎಲ್ಲರಿಗೂ ಗೊತ್ತು. ದೊರೆ ಶಿವಲಿಂಗರುದ್ರ ಸರ್ಜ 1824ರಲ್ಲಿ ತೀರಿಕೊಂಡ. ದತ್ತುವನ್ನು ಕಂಪನಿ ಸರಕಾರ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಪಡೆಯೊಂದಿಗೆ ಕಿತ್ತೂರಿಗೆ ಬಂದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಅವನು ಸತ್ತ. ಅಮಟೂರು ಬಾಳಪ್ಪನ ಗುಂಡಿಗೆ ಬಿದ್ದ ಎಂದು ನಾಡು ನಂಬುತ್ತದೆ. ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಕೈಬಿಟ್ಟಿತು. ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಈ ಪಾಠವನ್ನು ಅಷ್ಟು ಸಲ ಮಾಡಿದ ನನಗೆ ಮಗಳು ತೋರಿಸಿಕೊಟ್ಟ ಸಂಗತಿ ಹೊಳೆದಿರಲಿಲ್ಲ. ಅಮಟೂರು ಒಂದು ಹಳ್ಳಿ. ಸಂಗೊಳ್ಳಿ ಒಂದು ಹಳ್ಳಿ. ಥ್ಯಾಕರೆಯೂ ಒಂದು ಹಳ್ಳಿಯ ಮೂಲೆ. ಕೋಟೆಯ ಬಾಗಿಲಲ್ಲಿ ಎದುರುಬದುರಾದವರು ತಮ್ಮ ತಮ್ಮ ಊರುಗಳನ್ನು ಹೆಸರಿನಲ್ಲಿ ಹೊತ್ತಿದ್ದರು. ಬಾಳಪ್ಪ, ರಾಯಣ್ಣರು ತಮ್ಮ ಊರಿನಿಂದ ನಡೆದುಹೋಗುವಷ್ಟು ದೂರದಲ್ಲಿ ಅದಕ್ಕಾಗಿಯೇ ಕಾದಾಡಿದರು. ಥ್ಯಾಕರೆಯ ಮನೆಯವರು ತಮ್ಮ ಹುಲ್ಲಿನ ಮೂಲೆಯನ್ನು ಎಂದೋ ಬಿಟ್ಟಿದ್ದರು. ಮುತ್ತಜ್ಜ ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದ ಥಾಮಸ್. ಅಜ್ಜ ಎನ್ನಬೇಕು, ಏಕೆಂದರೆ ಥಾಮಸನ ಕಿರಿಯ ಮಗ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯೇ ಕಲೆಕ್ಟರನ ತಂದೆ. ಅವನು ಕಂಪನಿಯ ನೌಕರಿಯಲ್ಲಿ ಸಿಲ್ಹೆಟ್ಟಿಗೆ ಬಂದಿದ್ದ. ಅವನ ಹಲವು ಮಕ್ಕಳು ಹಿಂದೂಸ್ತಾನದಲ್ಲೇ ದುಡಿದು ಇಲ್ಲೇ ಮಣ್ಣಾದರು. ಅವರಲ್ಲೊಬ್ಬನಾದ ರಿಚ್ಮಂಡನ ಮಗ 1811ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ. ಅಜ್ಜನ ಹೆಸರನ್ನೇ ಪಡೆದ ಅವನೇ ಕಾದಂಬರಿಕಾರ. ಮೇಕ್‌ಪೀಸ್ ಎಂದರೆ ರಾಜಿ ಮಾಡಿಸುವವ. ಚಿಕ್ಕಪ್ಪ ಕಿತ್ತೂರಿನಲ್ಲಿ ಬಿದ್ದಾಗ ಆ ಹುಡುಗನಿಗೆ 13 ವರ್ಷ.

ಹೆಸರು ಅಲ್ಲಿಗೂ ನಿಲ್ಲಲಿಲ್ಲ. ಮುಂಬಯಿಯ ಸಮಾಜ ಸುಧಾರಕ, ‘ಪ್ರಬೋಧನ’ ಪತ್ರಿಕೆಯ ಕೇಶವ ಸೀತಾರಾಮ ಠಾಕರೆಯವರು ಕಾದಂಬರಿಕಾರನ ಮೇಲಿನ ಮೆಚ್ಚುಗೆಯಿಂದ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಅವನ ಕಾಗುಣಿತದಂತೆಯೇ ಬರೆಯತೊಡಗಿದರು ಎಂಬುದು ಪ್ರಸಿದ್ಧ. ಒಂದೇ ಹೆಸರು ಯಾರ್ಕ್‌ಶೈರಿನಲ್ಲಿ ಹುಲ್ಲಿನ ಮೂಲೆ, ಲಂಡನ್ನಿನಲ್ಲಿ ಸಾಹಿತ್ಯ, ಕಿತ್ತೂರಿನಲ್ಲಿ ದಬ್ಬಾಳಿಕೆ, ಮುಂಬಯಿಯಲ್ಲಿ ಒಂದು ಮೆಚ್ಚುಗೆ. ಚಿಗಳ್ಳಿಯಲ್ಲಿ ಮಾತ್ರ ಅದು ಸಿಡಿಯದ ಪಟಾಕಿಯ ನಗೆ.

“ಆ ನಗಿಯೊಳಗ ಅವನೂ ಇದ್ದನೇನು?” ಎಂದು ಮಗಳು ಕೇಳಿದಳು. “ಅವನ್ನ ಯಾಕ ಆರಿಸಿದ್ರಿ ನೀವು?”

ಸುಮ್ಮನಿರುವ ಹುಡುಗ, ಅದಕ್ಕೆ ಎಂದೆ. ಹಾಗೆ ಹೇಳುವಾಗಲೇ ನಿಜ ಗೊತ್ತಿತ್ತು. ಉಳಿದ ಯಾರ ಮಗನನ್ನು ಆರಿಸಿದ್ದರೂ ಮರುದಿನ ತಂದೆ ಶಾಲೆಯ ಕಟ್ಟೆಗೆ ಬಂದು ಜಗಳ ತೆಗೆಯುತ್ತಿದ್ದ. ಈ ಹುಡುಗನ ಮನೆಯಿಂದ ಯಾರೂ ಬರುವುದಿಲ್ಲ ಎಂದು ನನಗೆ ತಿಳಿದಿತ್ತು. ಯಾಕೆಂದರೆ ಅವನ ಅಜ್ಜ ನಮ್ಮ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವನು.

ಬಲಿಪಾಡ್ಯಮಿಯ ಸಂಜೆ ಅವನ ಮನೆಗೆ ಹೋದೆ. ಟ್ರ್ಯಾಕ್ಟರಿಗೆ ಚೆಂಡುಹೂವಿನ ಮಾಲೆ ಹಾಕಿದ್ದ. ನಾನು ಸುತ್ತಿ ಬಳಸಿ ಮಾತು ತೆಗೆದೆ. ಗ್ಯಾದರಿಂಗು, ನಾಟಕ, ಆ ಹೆಸರು. ಈಗಲೂ ಮನಸ್ಸಿಗೆ ಹತ್ತುತ್ತದೆಯೇ ಎಂದು ಕೇಳಿದೆ. ಅವನು ನಕ್ಕ.

“ಮೊದಲೆಲ್ಲ ಭಾಳ ಹತ್ತತಿತ್ತು ಸರ. ಮುಂಡಗೋಡ ಹೈಸ್ಕೂಲಿಗೆ ಹೆಸರು ಹಚ್ಚಾಕ ಹ್ವಾದಾಗ ನಮ್ಮೂರ ಹುಡುಗ್ರು ಅಲ್ಲೂ ಹಂಗ ಕೂಗಿದ್ರು. ನಾ ಎಂಟನೇತ್ತೆ ಮುಗಸಲಿಲ್ಲ. ಅದಕ್ಕ ಬಿಟ್ಟೆ ಅಂತೇನಿಲ್ಲ. ಅದೂ ಒಂದು.” ಸ್ವಲ್ಪ ತಡೆದು ಹೇಳಿದ: “ಈಗ ರೂಢಿ ಆಗೇತಿ ಬಿಡ್ರಿ. ಹೆಸರು ಅಂದ್ರ ಹಂಗ ಅಲ್ರೀ? ನಿಮಗೂ ನಮ್ಮ ಮನಿಯವ್ರ ಇಟ್ಟಿದ್ದಲ್ಲೇನ್ರಿ?”

ನನಗೆ ಅರ್ಥವಾಗಲಿಲ್ಲ. ಅವನಿಗೆ ನನಗೆ ಗೊತ್ತಿಲ್ಲ ಎಂಬುದು ಅರ್ಥವಾಗಲಿಲ್ಲ. ಒಳಗಿನಿಂದ ಅವನ ತಾಯಿ ಬಂದು ಕಂಬಕ್ಕೆ ಆನಿಕೊಂಡು ಕೂತು, ಹಬ್ಬದ ದಿನ ಇದೆಲ್ಲಾ ಯಾಕೆ ಎಂದು ಮಗನನ್ನು ಗದರಿಸಿದಳು. ನಾನೇ ಒತ್ತಾಯ ಮಾಡಿದ ಮೇಲೆ ಹೇಳಿದಳು. ನಮ್ಮ ಅಜ್ಜನ ಬಳಿ ಎರಡು ಕೊಳಗ ಇದ್ದವಂತೆ. ಮಳೆಗಾಲದಲ್ಲಿ ಬೀಜಕ್ಕೆ, ಹೊಟ್ಟೆಗೆ ಭತ್ತ ಸಾಲ ಕೊಡುವಾಗ ಒಂದು. ಸುಗ್ಗಿಯಲ್ಲಿ ಗೇಣಿ ಮತ್ತು ಸಾಲದ ಭತ್ತ ತಿರುಗಿ ಪಡೆಯುವಾಗ ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. “ಕೊಡೂದು ಒಂದು ಕೊಳಗ, ಕೊಳ್ಳೂದು ಒಂದು ಕೊಳಗ ಅಂತಿದ್ರು ನಮ್ಮ ಮಾವ. ಅವರ ಬಾಯಾಗಿಂದ ಊರೆಲ್ಲ ಹಬ್ಬಿ ಕೊಳಗದವ್ರು, ಕೊಳಗದವ್ರು ಅಂತ ಆತು. ನೀವು ಬ್ಯಾಸರ ಮಾಡ್ಕೋಬ್ಯಾಡ್ರಿ ಮಾಸ್ತರ. ಹಿಂದಿನ ಮಾತು.”

ಆ ರಾತ್ರಿ ಅಟ್ಟ ಹತ್ತಿದೆ. ಲಕ್ಷ್ಮೀಪೂಜೆಯಲ್ಲಿ ನಾನೇ ಕುಂಕುಮ ಹಚ್ಚಿ ಮೇಲಿಟ್ಟ ಕೊಳಗ. ಒಳಗೆ ಕೈ ಇಳಿಸಿ ತಳ ಮುಟ್ಟಿದೆ. ಇನ್ನೊಂದು ಕೈಯನ್ನು ಹೊರಗೆ ಅದೇ ಎತ್ತರಕ್ಕೆ ಹಿಡಿದೆ. ಒಳಗಿನ ತಳ ಹೊರಗಿನ ತಳಕ್ಕಿಂತ ಮೂರು ಬೆರಳು ಮೇಲಿತ್ತು. ಒಂದು ಮರದ ಬಿಲ್ಲೆಯನ್ನು ಸರಿಯಾಗಿ ಕೆತ್ತಿ ಒಳಗೆ ಕೂರಿಸಿ, ಅಂಚಿಗೆ ಮೇಣ ತುಂಬಿದ್ದರು. ಇದು ಕೊಡುವ ಕೊಳಗ. ಕೊಳ್ಳುವ ಕೊಳಗ ಎಲ್ಲಿ ಹೋಯಿತೋ. ಅಜ್ಜನ ಹಳೆಯ ಕಾಗದಗಳನ್ನೂ ತೆಗೆದು ನೋಡಿದೆ. ಒಂದು ಸಹಿಯಲ್ಲೂ ‘ಕೊಳಗದ’ ಎಂದು ಇಲ್ಲ. ತನ್ನ ಹೆಸರು, ತಂದೆಯ ಹೆಸರು, ಅಷ್ಟೇ. ಅವನಿಗೆ ಗೊತ್ತಿತ್ತು. ನಮ್ಮ ಅಪ್ಪನನ್ನು ಶಾಲೆಗೆ ಸೇರಿಸಿದ ದಿನ ಯಾರೋ ಮಾಸ್ತರರು ಊರು ಆಡುತ್ತಿದ್ದುದನ್ನೇ ಬರೆದುಕೊಂಡಿದ್ದರು.

ಮರುದಿನ ಎಲ್ಲವನ್ನೂ ಮಗಳಿಗೆ ಹೇಳಿದೆ. ಇಲ್ಲಿಂದ ನಮ್ಮಿಬ್ಬರ ವಾದ ಶುರುವಾಯಿತು. ಈ ಲೇಖನ ಬರೆಯಲು ಅದೇ ಕಾರಣ.

ಅವಳ ಮೊದಲ ಮಾತು: “ಹಂಗಾದ್ರ ಆ ಹೆಸರು ಬಿಟ್ಟುಬಿಡೋಣ.” ಅಡ್ಡಹೆಸರು ಕೈಬಿಡುವುದು ನಮ್ಮ ನಾಡಿನಲ್ಲಿ ಒಳ್ಳೆಯ ಕಾರಣಕ್ಕೂ ನಡೆದಿದೆ. ಜಾತಿ ತೋರಿಸುವ ಹೆಸರನ್ನು ಕಿತ್ತೆಸೆದವರಿದ್ದಾರೆ. ಅವಮಾನದ ಹೆಸರನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿ ಬದಲಿಸಿಕೊಂಡವರಿದ್ದಾರೆ. ಅಜ್ಜನ ಪಾಪಕ್ಕೆ ಮೊಮ್ಮಗನ ಮಗಳು ಯಾಕೆ ಗುರುತಾಗಬೇಕು? ತಪ್ಪು ರಕ್ತದಲ್ಲಿ ಹರಿಯುವುದಿಲ್ಲ.

ತಪ್ಪು ರಕ್ತದಲ್ಲಿ ಹರಿಯುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಭತ್ತ ಹರಿದುಬಂದಿದೆ. ಆ ಮೂರು ಬೆರಳಿನ ಭತ್ತ ಮಾರಿದ ದುಡ್ಡಿನಲ್ಲಿ ಅಪ್ಪ ಓದಿದ, ಅಪ್ಪ ಓದಿದ್ದರಿಂದ ನಾನು ಮಾಸ್ತರನಾದೆ, ನಾನು ಮಾಸ್ತರನಾದದ್ದರಿಂದ ಅವಳು ಇಂದು ಥ್ಯಾಕರೆಯ ಬೇರು ಹುಡುಕುತ್ತಿದ್ದಾಳೆ. 1974ರಲ್ಲಿ ಉಳುವವನಿಗೆ ಭೂಮಿ ಎಂಬ ಕಾಯ್ದೆ ಜಾರಿಗೆ ಬಂತು. ಭೂನ್ಯಾಯಮಂಡಳಿಯಲ್ಲಿ ಅವನ ಅಜ್ಜನಿಗೆ ಎರಡು ಎಕರೆ ಸಿಕ್ಕಿತು. ನಮ್ಮ ಮನೆಯಲ್ಲಿ ಅದನ್ನು ‘ಹೋದ ಗದ್ದೆ’ ಎಂದೇ ಕರೆಯುತ್ತಿದ್ದರು, ನಾವೇ ಏನೋ ಕಳೆದುಕೊಂಡವರ ಹಾಗೆ. ಕಾಯ್ದೆ ನೆಲವನ್ನು ಅಳೆದು ಕೊಟ್ಟಿತು. ಕೊಳಗದ ಬಿಲ್ಲೆಯನ್ನು ಯಾವ ಮಂಡಳಿಯೂ ಅಳೆಯಲಿಲ್ಲ. ಅದರ ದಾಖಲೆ ಒಂದೇ ಕಡೆ ಇದೆ: ನಮ್ಮ ಹೆಸರಿನಲ್ಲಿ. ಬರೆಯಲು ಬಾರದ ಒಬ್ಬ ಗೇಣಿದಾರ ತನಗಾದ ಮೋಸವನ್ನು ಬರೆದಿಡಲು ಆರಿಸಿಕೊಂಡ ಕಾಗದ ನಮ್ಮ ಮನೆತನ. ಅದನ್ನು ನಾನು ಅಳಿಸಿದರೆ ಅಳಿಯುವುದು ನನ್ನ ನಾಚಿಕೆಯಲ್ಲ, ಅವನ ಸಾಕ್ಷಿ.

“ಹಂಗಾದ್ರ ಠ್ಯಾಕ್ರಿನೂ ತನ್ನ ಹೆಸರು ಇಟಗೋಬೇಕೇನು?” ಎಂದಳು. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರಿಸದೆ ಮೊದಲಿನ ಮಾತು ನಿಲ್ಲುವುದಿಲ್ಲ.

ನಮ್ಮ ತಾಲ್ಲೂಕಿನಲ್ಲೂ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲೂ ಸಿದ್ದಿ ಜನರಿದ್ದಾರೆ. ಆಫ್ರಿಕಾದಿಂದ ಗುಲಾಮರಾಗಿ ಪಶ್ಚಿಮ ಕರಾವಳಿಗೆ ಬಂದು ಬಿದ್ದವರ ಸಂತತಿ. ಕೆಲವರ ಅಡ್ಡಹೆಸರು ಸಿದ್ದಿ ಎಂದೇ ಇದೆ. ಕ್ರೈಸ್ತರಾದವರಲ್ಲಿ ಪೋರ್ತುಗೀಸರ ಅಡ್ಡಹೆಸರುಗಳಿವೆ. ಯಾರ್ಕ್‌ಶೈರಿನ ಒಂದು ಹುಲ್ಲಿನ ಮೂಲೆಯನ್ನು ಸಾವಿರ ವರ್ಷದಾಚೆಗೂ ಹಿಡಿದು ತೋರಿಸಬಹುದು. ಇವರ ಹಿರಿಯರು ಯಾವ ಊರಿನ, ಯಾವ ಮೂಲೆಯ ಹೆಸರು ಹೊತ್ತಿದ್ದರೋ ಅದು ದಾರಿಯಲ್ಲೇ ಕಳೆದುಹೋಯಿತು. ಬೇರೆಯವರು ಇಟ್ಟ ಹೆಸರು ಎಂಬ ಮಾತು ಅಲ್ಲಿ ಬೇರೆಯೇ ಭಾರ ಪಡೆಯುತ್ತದೆ. ಅಂಥ ಹೆಸರನ್ನು ಇಟ್ಟುಕೊಳ್ಳುವುದೋ, ಬಿಡುವುದೋ, ಅದನ್ನೇ ಅಭಿಮಾನದ ಗುರುತು ಮಾಡಿಕೊಳ್ಳುವುದೋ ಹೊತ್ತವರಿಗೆ ಬಿಟ್ಟದ್ದು. ಇಟ್ಟವರಿಗೆ ಅದರಲ್ಲಿ ಮಾತಾಡುವ ಹಕ್ಕಿಲ್ಲ.

ಆದ್ದರಿಂದ ಎಲ್ಲ ಹೆಸರಿಗೂ ಒಂದೇ ನಿಯಮ ಇರಲಾರದು. ಕೆಳಗಿನಿಂದ ಮೇಲಕ್ಕೆ ಎಸೆದ ಹೆಸರು ಒಂದು, ಮೇಲಿನಿಂದ ಕೆಳಕ್ಕೆ ಎಸೆದ ಹೆಸರು ಇನ್ನೊಂದು. ಗೇಣಿದಾರ ನಮ್ಮ ಅಜ್ಜನಿಗೆ ‘ಕೊಳಗದ’ ಎಂದದ್ದು ಅವನಿಗೆ ಬೇರೆ ಆಯುಧ ಇರಲಿಲ್ಲವಾದ್ದರಿಂದ. ನಾನು ಅವನ ಮೊಮ್ಮಗನಿಗೆ ‘ನೀನೇ ಥ್ಯಾಕರೆ’ ಎಂದದ್ದು ಅವನು ಎದುರಾಡಲಾರ ಎಂದು ಗೊತ್ತಿದ್ದುದರಿಂದ. ಕಿತ್ತೂರಿನ ನಾಟಕದಲ್ಲಿ ದಬ್ಬಾಳಿಕೆಯ ವೇಷವನ್ನು ಹಾಕಬೇಕಾದವನು ಹಿಂದಿನ ಸಾಲಿನಲ್ಲಿ ಕೂತಿರಲಿಲ್ಲ. ಕೈಯಲ್ಲಿ ನಾಟಕದ ಪುಸ್ತಕ ಹಿಡಿದು ನಿಂತಿದ್ದ. ಹೀಗಿರುವಾಗ ನಮ್ಮ ತಪ್ಪಿಗೆ ಇತರರು ಇಟ್ಟ ಹೆಸರನ್ನು ಬಿಡಲು ನಮಗೆ ಸುಲಭದ ಹಕ್ಕಿಲ್ಲ. ಇತರರ ಮೇಲೆ ನಾವು ಹೊರಿಸಿದ ಹೆಸರನ್ನು ಮುಂದುವರಿಸಲು ಮೊದಲೇ ಹಕ್ಕಿಲ್ಲ. ನಾವು ಸಾಮಾನ್ಯವಾಗಿ ಮಾಡುವುದು ಇದರ ತಿರುವುಮುರುವು: ನಮ್ಮದನ್ನು ತೊಳೆದುಕೊಳ್ಳುತ್ತೇವೆ, ಅವರದನ್ನು ತಮಾಷೆಯಾಗಿ ಕರೆಯುತ್ತಲೇ ಇರುತ್ತೇವೆ.

ಹೆಸರಿನ ಹಳೆಯ ಅರ್ಥವೇ ಕೊನೆಯದೂ ಅಲ್ಲ. ಪಕ್ಕದ ತಾಲ್ಲೂಕಿನ ಹಾನಗಲ್ಲನ್ನೇ ನೋಡಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಬಾಳಿದ ಗಂಗೂಬಾಯಿಯವರ ತಂದೆಯ ಅಡ್ಡಹೆಸರು ನಾಡಗೀರ. ಅದು ಅವರ ಹೆಸರಿಗೆ ಬರಲಿಲ್ಲ. ಹಿರಿಯರ ಊರು ಹಾನಗಲ್ ಬಂತು. ಇಂದು ಹಾನಗಲ್ ಎಂದರೆ ನಾಡಿನಾಚೆಯವರಿಗೆ ಊರಲ್ಲ, ಒಂದು ದನಿ. ಆದರೆ ಅದು ಒಂದು ಜೀವಮಾನ ಹಾಡಿ ಬಂದ ಅರ್ಥ. ಅರ್ಜಿಯಲ್ಲಿ ಒಂದು ಮನೆ ಖಾಲಿ ಬಿಟ್ಟು ಬಂದದ್ದಲ್ಲ.

ಈ ವಾದದಲ್ಲಿ ನಾನು ಗೆದ್ದೆ ಎಂದು ಬರೆಯಲಾರೆ. “ಹೆಸರು ಇಟ್ಟುಕೊಂಡ್ರ ಅವರಿಗೇನು ಸಿಗ್ತೈತಿ ಅಪ್ಪಾ?” ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಏನೂ ಸಿಗುವುದಿಲ್ಲ. ನೆನಪು ಹೊಟ್ಟೆ ತುಂಬಿಸುವುದಿಲ್ಲ. ಹೆಸರನ್ನು ಉಳಿಸಿಕೊಂಡು ನಾನೊಬ್ಬ ದೊಡ್ಡ ಪ್ರಾಮಾಣಿಕ ಎಂದು ಬೀಗುವ ಅಪಾಯವೂ ಇದೆ. ಈ ಲೇಖನವೇ ಅಂಥ ಬೀಗುವಿಕೆ ಆಗಿರಬಹುದು.

ಧಾರವಾಡಕ್ಕೆ ಹೊರಡುವ ಹಿಂದಿನ ದಿನ ಅವಳೂ ನನ್ನ ಜೊತೆ ಅವನ ಮನೆಗೆ ಬಂದಳು. ನಾನು ಕೊಳಗ ತೆಗೆದುಕೊಂಡು ಹೋಗಿದ್ದೆ. ಬಿಲ್ಲೆಯನ್ನು ತೋರಿಸಿದೆ. ಅವನು ಬೆರಳಿನಿಂದ ಒಳಗೆ ಬಡಿದು ನೋಡಿದ, ಟೊಳ್ಳು ಸದ್ದು ಬಂತು. ಅವನ ತಾಯಿ ನೋಡಲಿಲ್ಲ. “ಅದನ್ನೇನು ನೋಡೂದು” ಎಂದು ಒಳಗೆ ಹೋಗಿ ಚಹಾ ಇಟ್ಟಳು. ನಿನ್ನನ್ನು ಹೆಸರು ಹಿಡಿದೇ ಕರೆಯುವಂತೆ ನಾಲ್ಕು ಜನರ ಮುಂದೆ ನಾನೇ ಹೇಳುತ್ತೇನೆ ಎಂದೆ. ಅವನು ತಲೆಯಾಡಿಸಿದ.

“ನಂದು ಬಿಡ್ರಿ ಸರ. ಅದು ಹ್ವಾತು. ಊರಿಗೆಲ್ಲ ಹೇಳಾಕ ಹೋದ್ರ ಇನ್ನೂ ನಗ್ತಾರ. ನನ್ನ ಮಗನ್ನ ಮಾತ್ರ ನೀವು ಅವನ ಹೆಸರಿಲೆ ಕರೀರಿ. ನೀವು ಕರದ್ರ ಹುಡುಗ್ರೂ ಕರೀತಾವು.”

ಈಗ ದಿನಾ ಸಂಜೆ ಶಾಲೆ ಬಿಡುವ ಹೊತ್ತಿಗೆ ನಾನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿರುತ್ತೇನೆ. ಆ ಹುಡುಗ ದಾಟುವಾಗ ಅವನ ಪೂರ್ತಿ ಹೆಸರನ್ನು, ತಂದೆಯ ಹೆಸರಿನ ಸಮೇತ, ಎಲ್ಲರಿಗೂ ಕೇಳುವಂತೆ ಕೂಗುತ್ತೇನೆ. ಮೊದಮೊದಲು ಅವನು ಬೇರೆ ಯಾರನ್ನೋ ಕರೆಯುತ್ತಿದ್ದೇನೆಂದು ಹಿಂದೆ ತಿರುಗಿ ನೋಡುತ್ತಿದ್ದ. ಈಗ ನೋಡುವುದಿಲ್ಲ; “ಏನ್ರಿ ಅಜ್ಜಾ” ಎನ್ನುತ್ತಾನೆ. ಜೊತೆಗಿನ ಇಬ್ಬರು ಹುಡುಗರು ಅವನನ್ನು ಹೆಸರಿನಿಂದ ಕರೆಯುವುದನ್ನು ಕೇಳಿದ್ದೇನೆ. ಉಳಿದವರು ಇನ್ನೂ ಸಣ್ಣ ಠ್ಯಾಕ್ರಿ ಎನ್ನುತ್ತಾರೆ.

ಮಗಳ ಪಾಸ್‌ಪೋರ್ಟ್ ಬಂದಿದೆ. ಫೋಟೋ ತೆಗೆದು ಕಳಿಸಿದ್ದಳು. ಎರಡನೇ ಮನೆಯಲ್ಲಿ ‘ಕೊಳಗದ’ ಎಂದಿದೆ. ಯಾಕೆ ಬರೆದೆ ಎಂದು ನಾನು ಕೇಳಿಲ್ಲ.